ತೊಗಲು ಹದ ಮಾಡುವವನ ಮಾಳಿಗೆ: ಒಂದು ಬೈಬಲ್ ಓದು

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕೈಗೆತ್ತಿಕೊಳ್ಳುವ ಪುಸ್ತಕಗಳು ಹೆಚ್ಚುಕಮ್ಮಿ ಗೊತ್ತಿರುವಂಥವೇ. ಮನುಸ್ಮೃತಿಯನ್ನು ಬಯ್ಯುತ್ತೇವೆ. ಪಂಪ, ಕುಮಾರವ್ಯಾಸರಲ್ಲಿ ಕೇರಿ ಎಲ್ಲಿದೆ ಎಂದು ಹುಡುಕುತ್ತೇವೆ. ವಚನಗಳನ್ನು ಆಸೆಯಿಂದಲೂ ಅನುಮಾನದಿಂದಲೂ ತಿರುವಿಹಾಕುತ್ತೇವೆ. ‘ಒಡಲಾಳ’ದ ಸಾಕವ್ವನ ಹತ್ತಿರ ಹೋಗಿ ಕೂರುತ್ತೇವೆ. ಇದೆಲ್ಲ ಆಗಬೇಕಾದ ಕೆಲಸವೇ. ಆದರೆ ಈ ಸಂಚಿಕೆಗೆ ಬರೆಯಬೇಕೆಂದು ಕೂತಾಗ ನನಗೆ ಎದುರಾದದ್ದು ಬೇರೆ ಪುಸ್ತಕ. ಬೀದರ್ ಸೀಮೆಯ ನಮ್ಮ ಓಣಿಯಲ್ಲಿ ಬೇರೆ ಯಾವ ಪುಸ್ತಕವೂ ಇಲ್ಲದ ಮನೆಯಲ್ಲೂ ಗೂಡಿನಲ್ಲಿ ಬಟ್ಟೆ ಸುತ್ತಿ ಇಟ್ಟಿರುವ ಪುಸ್ತಕ ಅದು. ನಮ್ಮವರು ಅದನ್ನು ಸತ್ಯವೇದ ಅನ್ನುತ್ತಾರೆ. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಪುಸ್ತಕ ತಲೆಕೆಳಗಾಗಿ ಇಟ್ಟಿದ್ದರೆ ಆಕೆಗೆ ಗೊತ್ತಾಗುತ್ತಿತ್ತು.

ನಾನು ಹುಟ್ಟಾ ಕ್ರೈಸ್ತ, ಹುಟ್ಟಾ ಮಾದಿಗ. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ನಲವತ್ತು ವರ್ಷ ಬೇಕಾಯಿತು. ಅದೇ ಹೊತ್ತಿಗೆ ಬೈಬಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕೆಂದು ಹಟ ಹಿಡಿದೆ. ನಮ್ಮಲ್ಲಿರುವುದು 66 ಪುಸ್ತಕಗಳ, 1,189 ಅಧ್ಯಾಯಗಳ ಬೈಬಲ್. ದಿನಕ್ಕೆ ಎರಡು ಮೂರು ಅಧ್ಯಾಯದಂತೆ ಒಂದೂವರೆ ವರ್ಷ ಹಿಡಿಯಿತು. ಅದುವರೆಗೆ ನಾನು ಬೈಬಲ್ ಓದಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ನಾನು ಕೇಳಿಸಿಕೊಂಡದ್ದು ಬೈಬಲ್ಲಿನ ತುಂಡುಗಳನ್ನು. ಭಾನುವಾರಕ್ಕೊಂದು ತುಂಡು, ಅದರ ಮೇಲೊಂದು ಪ್ರಸಂಗ. ಯಾವ ತುಂಡು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ತೀರ್ಮಾನಿಸುವವರು ಬೇರೆ ಯಾರೋ. ಈ ಲೇಖನ ಆ ಒಂದೂವರೆ ವರ್ಷದ ಓದಿನಲ್ಲಿ ಸಿಕ್ಕ ಕೆಲವು ಸಂಗತಿಗಳ ಬಗ್ಗೆ.

1

ತುಂಡು ಕೊಡುವವನ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ವೆಸ್ಟ್ ಇಂಡೀಸ್‌ನ ಬ್ರಿಟಿಷ್ ತೋಟಗಳಲ್ಲಿ ದುಡಿಯುತ್ತಿದ್ದ ಕಪ್ಪು ಗುಲಾಮರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಆಯ್ದ ಭಾಗಗಳ ಒಂದು ಬೈಬಲ್ ಅಚ್ಚಾಯಿತು. ಮೋಶೆ ತನ್ನ ಜನರನ್ನು ಫರೋಹನ ಜೀತದಿಂದ ಬಿಡಿಸಿಕೊಂಡು ಬಂದ ಕಥೆ ಅದರಲ್ಲಿ ಇರಲಿಲ್ಲ. ದಾಸರು ಧಣಿಗಳ ಮಾತು ಕೇಳಿಕೊಂಡಿರಬೇಕು ಎಂಬ ಪೌಲನ ಬುದ್ಧಿಮಾತು ಇತ್ತು. ಕತ್ತರಿ ಎಲ್ಲಿ ಆಡಿದೆ ನೋಡಿ.

ಇದಕ್ಕೆ ಉತ್ತರವೂ ಗುಲಾಮರ ಕಡೆಯಿಂದಲೇ ಬಂತು. ಅಮೆರಿಕದ ಕಪ್ಪು ಚಿಂತಕ ಹೊವರ್ಡ್ ಥರ್ಮನ್ ತಮ್ಮ 1949ರ ಪುಸ್ತಕದಲ್ಲಿ ಅಜ್ಜಿಯ ವಿಷಯ ಹೇಳುತ್ತಾರೆ. ಗುಲಾಮಳಾಗಿ ಹುಟ್ಟಿದ ಆ ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗ ಬೈಬಲ್ ಓದಿ ಹೇಳಬೇಕಿತ್ತು. ಆದರೆ ಪೌಲನ ಪತ್ರಗಳನ್ನು ಆಕೆ ಓದಿಸುತ್ತಿರಲಿಲ್ಲ, ಪ್ರೀತಿಯ ಬಗೆಗಿನ ಒಂದು ಅಧ್ಯಾಯವನ್ನು ಬಿಟ್ಟು. ಧಣಿಯ ಪಾದ್ರಿ ಪೌಲನನ್ನು ಹಿಡಿದುಕೊಂಡೇ ಗುಲಾಮರಿಗೆ ಉಪದೇಶ ಮಾಡುತ್ತಿದ್ದ. ಬಿಡುಗಡೆಯಾದ ದಿನ ಇನ್ನು ಆ ಭಾಗ ಓದುವುದಿಲ್ಲ ಎಂದು ಆಕೆ ಮಾತು ಕೊಟ್ಟುಕೊಂಡಿದ್ದಳಂತೆ. ಅಕ್ಷರ ಬಾರದ ಆ ಮುದುಕಿ ಮಾಡಿದ್ದು ವಿಮರ್ಶೆಯಲ್ಲದೆ ಇನ್ನೇನು?

ನಮ್ಮ ಕಥೆಗೆ ಬರೋಣ. ಕನ್ನಡದ ಪೂರ್ಣ ಬೈಬಲ್ 1831ರಲ್ಲಿ ಬಳ್ಳಾರಿಯಿಂದ ಹೊರಬಂತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಹಿಂದೆ ವರ್ಷಗಟ್ಟಲೆ ದುಡಿದಿದ್ದರು. ನಮ್ಮ ಬೀದರ್ ಆಗ ನಿಜಾಮನ ರಾಜ್ಯ. ಅಲ್ಲಿಗೆ ಬಂದವರು ಮೆಥಡಿಸ್ಟ್ ಮಿಷನ್ನಿನವರು. ಅವರ ಹತ್ತಿರ ಗುಂಪುಗುಂಪಾಗಿ, ಓಣಿಗೆ ಓಣಿಯೇ ಹೋದದ್ದು ಮುಖ್ಯವಾಗಿ ಮಾದಿಗರು. ಹೊಟ್ಟೆಗಾಗಿ ಹೋದರು ಅನ್ನುತ್ತಾರೆ. ಹಸಿದವನು ಹೊಟ್ಟೆಗಾಗಿ ಹೋಗುವುದು ತಪ್ಪೇನೂ ಅಲ್ಲ. ಆದರೆ ಮುತ್ಯಾ ಹೇಳುತ್ತಿದ್ದ ಕಾರಣ ಬೇರೆ: ‘ಅವ್ರು ನಮ್ ಮನ್ಯಾಗ ಕುಂತು ನೀರ್ ಕುಡದ್ರು.’ ಇಷ್ಟೇ. ಬೈಬಲ್ಲಿನ ಯಾವ ವಾಕ್ಯವನ್ನೂ ಅವನು ಹೇಳಲಿಲ್ಲ.

2

ಓದಲು ಕೂತಾಗ ನನಗೆ ಯಾವ ಸಿದ್ಧಾಂತವೂ ಇರಲಿಲ್ಲ. ಒಂದು ಪೆನ್ಸಿಲ್ ಇತ್ತು. ಮೊದಲ ಗೆರೆ ಬಿದ್ದದ್ದು ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ. ಹಣ್ಣು ತಿಂದ ಗಂಡ ಹೆಂಡತಿ ಎಲೆ ಹೊಲಿದು ಮಾನ ಮುಚ್ಚಿಕೊಂಡಿದ್ದಾರೆ. ತೋಟದಿಂದ ಹೊರಗೆ ಹಾಕುವ ಮುಂಚೆ ದೇವರು ಅವರಿಗೆ ತೊಗಲಿನ ಅಂಗಿ ಮಾಡಿ ತೊಡಿಸುತ್ತಾನೆ. ಎಷ್ಟು ಪ್ರಸಂಗ ಕೇಳಿದ್ದೇನೆ ಈ ಅಧ್ಯಾಯದ ಮೇಲೆ! ಹಾವು, ಹಣ್ಣು, ಹೆಂಗಸಿನ ತಪ್ಪು, ಪಾಪ. ತೊಗಲಿನ ಅಂಗಿಯ ಬಗ್ಗೆ ಒಬ್ಬರೂ ಮಾತಾಡಿರಲಿಲ್ಲ. ತೊಗಲು ಎಂದರೆ ನಮ್ಮ ಮನೆಯ ವಾಸನೆ. ಸುಣ್ಣದ ಬಾನಿ, ತಂಗಡಿ ತೊಗಟೆ, ಮುತ್ಯಾನ ಅಂಗೈಯ ಕಂದು ಬಣ್ಣ. ಈ ಪುಸ್ತಕದಲ್ಲಿ ಮೊದಲು ತೊಗಲು ಮುಟ್ಟಿದವನು ದೇವರೇ.

ಅಲ್ಲಿಂದ ಮುಂದೆ ನನ್ನ ಪೆನ್ಸಿಲ್ ತೊಗಲಿನ ಹಿಂದೆ ಬಿತ್ತು. ವಿಮೋಚನಕಾಂಡದಲ್ಲಿ ದೇವರ ಗುಡಾರ ಕಟ್ಟುವ ವಿವರ ಪುಟಗಟ್ಟಲೆ ಬರುತ್ತದೆ. ಎಲ್ಲರೂ ಹಾರಿಸುವ ಭಾಗ. ಚಿನ್ನ ಎಷ್ಟು, ನಾರುಬಟ್ಟೆ ಎಷ್ಟು, ಕೊಕ್ಕೆ ಎಷ್ಟು. ಎಲ್ಲಕ್ಕೂ ಮೇಲಿನ ಹೊದಿಕೆ ಯಾವುದು? ಕೆಂಪು ಬಣ್ಣ ಹಾಕಿದ ಟಗರಿನ ತೊಗಲು, ಅದರ ಮೇಲೆ ಇನ್ನೊಂದು ತೊಗಲು. ಅತ್ಯಂತ ಪವಿತ್ರ ಜಾಗದ ಸೂರು ತೊಗಲಿನದು. ಅದನ್ನು ಹದ ಮಾಡಿದ ಕೈಯ ಹೆಸರು ಇಲ್ಲ. ಎಲೀಯನ ಸೊಂಟದ ಪಟ್ಟಿ ತೊಗಲಿನದು, ಸ್ನಾನಿಕನಾದ ಯೋಹಾನನದೂ ಅಷ್ಟೇ. ದ್ರಾಕ್ಷಾರಸ ತುಂಬುವುದು ತೊಗಲಿನ ಚೀಲದಲ್ಲಿ. ಕೊನೆಗೆ, ಧರ್ಮಶಾಸ್ತ್ರದ ಸುರುಳಿಯನ್ನೇ ಬರೆದದ್ದು ತೊಗಲಿನ ಮೇಲೆ. ಯೆಹೂದ್ಯರ ದೇವಾಲಯಗಳಲ್ಲಿ ಇವತ್ತಿಗೂ ಓದುವ ತೋರಾದ ಸುರುಳಿ ಹದ ಮಾಡಿದ ತೊಗಲೇ. ಪೌಲ ತಿಮೊಥೆಯನಿಗೆ ಬರೆಯುವಾಗ ಬರುವಾಗ ತೊಗಲಿನ ಪುಸ್ತಕಗಳನ್ನು ಮರೆಯಬೇಡ ಎನ್ನುತ್ತಾನೆ. ವೇದ ಕೇಳಿದವನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದ ನಾಡಿನಲ್ಲಿ ಹುಟ್ಟಿದವನಿಗೆ, ದೇವರ ಮಾತು ಸತ್ತ ದನದ ತೊಗಲಿನ ಮೇಲೆ ಬರೆಯಲ್ಪಟ್ಟು ಉಳಿಯಿತು ಎಂಬುದು ಸಣ್ಣ ಸಂಗತಿಯಲ್ಲ.

ನನ್ನ ಮೊದಲ ತಿಳುವಳಿಕೆ ಇದು. ಪಠ್ಯ ಏನು ಹೇಳುತ್ತದೆ ಎಂಬುದರ ಜೊತೆಗೆ ಪಠ್ಯ ಯಾರ ದುಡಿಮೆಯ ಮೇಲೆ ನಿಂತಿದೆ ಎಂದೂ ಕೇಳಬೇಕು. ಮೊದಲ ಪ್ರಶ್ನೆ ಪಂಡಿತರದು. ಎರಡನೆಯದನ್ನು ಕೇರಿಯಿಂದ ಬಂದವನು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

3

ಆದರೆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಯಾಜಕಕಾಂಡ ಬಂತು. ಯಾವುದು ಶುದ್ಧ, ಯಾವುದು ಅಶುದ್ಧ; ಯಾವುದನ್ನು ತಿನ್ನಬಹುದು, ಯಾವುದನ್ನು ಮುಟ್ಟಬಾರದು. ಓದುತ್ತಾ ಹೋದಂತೆ ಇದು ನಮ್ಮೂರಿನ ಗೌಡರ ಮನೆಯ ಪಡಸಾಲೆಯೇ ಅನ್ನಿಸತೊಡಗಿತು. ಪುಸ್ತಕ ಮುಚ್ಚಿಟ್ಟು ಒಂದು ವಾರ ತೆಗೆಯಲಿಲ್ಲ.

ಮತ್ತೆ ತೆಗೆದಾಗ ಒಂದು ವ್ಯತ್ಯಾಸ ಕಂಡಿತು. ತಾನಾಗಿ ಸತ್ತ ಪ್ರಾಣಿಯ ಹೆಣ ಮುಟ್ಟಿದವನು ಅಶುದ್ಧ. ಎಲ್ಲಿಯತನಕ? ಸಂಜೆಯತನಕ. ಬಟ್ಟೆ ಒಗೆದುಕೊಂಡರೆ, ಹೊತ್ತು ಮುಳುಗಿದರೆ ಆಯಿತು, ಅವನು ಎಲ್ಲರಂತೆ. ನಮ್ಮಲ್ಲಿ ಸಂಜೆಯಾಗುವುದೇ ಇಲ್ಲ. ಸತ್ತ ದನ ಎಳೆದದ್ದು ಮುತ್ಯಾ, ಎಂ.ಎ. ಮಾಡಿದ ಮೊಮ್ಮಗ ಬಾಡಿಗೆ ಮನೆ ಕೇಳಲು ಹೋದಾಗಲೂ ಆ ದಿನದ ಹೊತ್ತು ಮುಳುಗಿರುವುದಿಲ್ಲ. ಮೈಲಿಗೆ ಎಲ್ಲ ಸಮಾಜಗಳಲ್ಲೂ ಇತ್ತು. ಅದನ್ನು ಹುಟ್ಟಿಗೆ ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸಿ, ಮುಳುಗದ ಸೂರ್ಯನನ್ನಾಗಿ ಮಾಡಿದ್ದು ಜಾತಿ.

ಇಷ್ಟು ಹೇಳಿ ಬೈಬಲನ್ನು ಬಚಾವು ಮಾಡಿಬಿಡಬಹುದಿತ್ತು. ಆದರೆ ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ತಾನಾಗಿ ಸತ್ತದ್ದನ್ನು ನೀವು ತಿನ್ನಬೇಡಿ, ನೀವು ಪವಿತ್ರ ಜನ. ನಿಮ್ಮ ಊರಲ್ಲಿರುವ ಪರದೇಶಿಗೆ ಕೊಟ್ಟುಬಿಡಿ, ಅವನು ತಿನ್ನಲಿ ಎಂಬ ಅರ್ಥದ ಮಾತು. ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮೂರಿನ ತಿಪ್ಪೆಯ ಪಕ್ಕ ಹಾಕಿದ ಸತ್ತ ಎಮ್ಮೆ, ಅದರ ಸುತ್ತ ಕುಡುಗೋಲು ಹಿಡಿದು ನಿಂತ ನಮ್ಮವರು. ಸತ್ತದ್ದನ್ನು ತಿನ್ನುವುದು ಬಿಡಿ ಎಂದು ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಯಾಕೆ ಅಷ್ಟು ಒತ್ತಿ ಹೇಳಿದರು ಎಂಬುದು ಗೊತ್ತಿರುವವರಿಗೆ ಈ ವಾಕ್ಯ ಎಲ್ಲಿ ಚುಚ್ಚುತ್ತದೆ ಎಂದು ಹೇಳಬೇಕಾಗಿಲ್ಲ. ಒಬ್ಬರ ಪವಿತ್ರತೆ ನಡೆಯಬೇಕಾದರೆ ಸತ್ತದ್ದನ್ನು ತಿನ್ನಲು ಇನ್ನೊಬ್ಬ ಬೇಕು.

ಮಜಾ ಎಂದರೆ ಯಾಜಕಕಾಂಡದ 17ನೇ ಅಧ್ಯಾಯ ಇದೇ ವಿಷಯದಲ್ಲಿ ಬೇರೆ ಕಾನೂನು ಹೇಳುತ್ತದೆ. ಅಲ್ಲಿ ಸತ್ತದ್ದನ್ನು ತಿಂದವನು ಊರವನಾಗಲಿ ಪರದೇಶಿಯಾಗಲಿ, ಇಬ್ಬರಿಗೂ ಒಂದೇ ನಿಯಮ. ಇಬ್ಬರೂ ಸಂಜೆಗೆ ಶುದ್ಧ. ಪುಸ್ತಕ ತನ್ನ ಜೊತೆ ತಾನೇ ಜಗಳ ಆಡುತ್ತಿದೆ. ಬೈಬಲ್ ಒಂದೇ ದನಿಯ ಪುಸ್ತಕ ಎಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನೆಟ್ಟಗೆ ಓದಿದರೆ ಅದು ಪಂಚಾಯಿತಿ ಕಟ್ಟೆಯ ಹಾಗಿದೆ. ಎಲ್ಲರೂ ಮಾತಾಡುತ್ತಾರೆ, ಕೆಲವರಿಗೆ ಮಾತ್ರ ಕಟ್ಟೆಯ ಮೇಲೆ ಜಾಗ.

ಇನ್ನೊಂದು ಸಾಲು. ಅದೇ ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ ದಂಡಿನ ಪಾಳೆಯಕ್ಕೆ ಒಂದು ನಿಯಮ ಇದೆ. ಪ್ರತಿಯೊಬ್ಬನೂ ತನ್ನ ಸಾಮಾನಿನ ಜೊತೆ ಒಂದು ಗೂಟ ಇಟ್ಟುಕೊಂಡಿರಬೇಕು. ಹೊರಗೆ ಹೋದಾಗ ಅದರಿಂದ ಗುಂಡಿ ತೋಡಿ ತನ್ನ ಹೇಲನ್ನು ತಾನೇ ಮುಚ್ಚಿ ಬರಬೇಕು. ಮೂರು ಸಾವಿರ ವರ್ಷದ ಆಸುಪಾಸಿನ ನೆನಪು ಇರುವ ಪುಸ್ತಕ ಹೇಳುವ ಈ ಸರಳ ವಿಷಯ ನಮ್ಮ ದೇಶಕ್ಕೆ ತಿಳಿಯಲಿಲ್ಲ. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಮಾಡಬೇಕಾಯಿತು. ನಡುವೆ, 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಈ ಗೂಟದ ಮೇಲೆ ನಾನು ಇದುವರೆಗೆ ಒಂದು ಪ್ರಸಂಗವನ್ನೂ ಕೇಳಿಲ್ಲ.

4

ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಚರ್ಚೆಗೆ ಒಂದು ದಾರಿ ಸಿಕ್ಕಿತು. ಮುಂದೆ ಅವರು ಆಧಾರವಾಗಿ ಹಿಡಿದದ್ದು, ನೆಲೆಯಿಲ್ಲದೆ ಅಲೆದ ಪೂರ್ವಜನನ್ನು ನೆನೆದು, ಜೀತದಲ್ಲಿ ಕೂಗಿದಾಗ ದೇವರು ಕೇಳಿಸಿಕೊಂಡ ಎಂದು ಹೇಳಿಕೊಳ್ಳುವ ಧರ್ಮೋಪದೇಶಕಾಂಡದ 26ನೇ ಅಧ್ಯಾಯದ ಮಾತು. ಅವರ ಋಣ ನಮ್ಮ ಮೇಲೆ ದೊಡ್ಡದಿದೆ. ಹುಲ್ಲು ಕೊಡದೆ ಅಷ್ಟೇ ಲೆಕ್ಕದ ಇಟ್ಟಿಗೆ ಕೇಳುವ ಫರೋಹನ ಮೇಸ್ತ್ರಿಗಳನ್ನು ಓದಿದಾಗ ಯಾವ ಜೀತಗಾರನ ಮಗನಿಗೂ ಅವರ ಮುಖ ಗುರುತು ಸಿಗುತ್ತದೆ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಜೀತದಿಂದ ಬಿಡಿಸಿಕೊಂಡವರು ಮುಂದೆ ಕಾನಾನಿಗೆ ಹೋಗುತ್ತಾರೆ. ಅಲ್ಲಿ ಆಗಲೇ ಜನ ಇದ್ದಾರೆ. ಯೆಹೋಶುವನ ಪುಸ್ತಕದ 9ನೇ ಅಧ್ಯಾಯದಲ್ಲಿ ಗಿಬ್ಯೋನಿನವರು ಜೀವ ಉಳಿಸಿಕೊಳ್ಳಲು ಒಂದು ಉಪಾಯ ಹೂಡುತ್ತಾರೆ. ಸವೆದು ತೇಪೆ ಹಾಕಿದ ಕೆರ ಮೆಟ್ಟಿಕೊಂಡು, ಹರಿದು ಹೊಲಿದ ತೊಗಲಿನ ಚೀಲ ಹೊತ್ತುಕೊಂಡು, ಬೂಸಲು ಹಿಡಿದ ರೊಟ್ಟಿ ಕಟ್ಟಿಕೊಂಡು, ದೂರದ ದೇಶದವರಂತೆ ಬಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಗುಟ್ಟು ಬಯಲಾದಾಗ ಅವರನ್ನು ಕೊಲ್ಲುವುದಿಲ್ಲ. ಕಟ್ಟಿಗೆ ಒಡೆಯುವವರನ್ನಾಗಿ, ನೀರು ತರುವವರನ್ನಾಗಿ ಮಾಡುತ್ತಾರೆ. ಅದೂ ದೇವರ ಬಲಿಪೀಠಕ್ಕೆ, ಎಂದೆಂದಿಗೂ. ನಿನ್ನೆ ಇಟ್ಟಿಗೆ ಹೊತ್ತವರು ಇವತ್ತು ಒಂದು ಕೇರಿಯನ್ನೇ ಹುಟ್ಟಿಸಿದರು.

ನಾವು ಯಾರ ಜಾಗದಲ್ಲಿ ನಿಂತು ಓದುತ್ತಿದ್ದೇವೆ? ಮೋಶೆಯ ಜಾಗದಲ್ಲಿ ನಿಂತರೆ ಹಾಡು ಬರುತ್ತದೆ. ಗಿಬ್ಯೋನಿನವನ ಜಾಗದಲ್ಲಿ ನಿಂತರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಪ್ರಶ್ನೆ ಚರ್ಚಿಗೆ ಮಾತ್ರ ಅಲ್ಲ, ಚಳವಳಿಗೂ ಸಂಬಂಧಿಸಿದ್ದು. ಬಿಡುಗಡೆಯ ಮಾತಾಡುವ ನಮ್ಮ ಸಂಘಟನೆಗಳೊಳಗೆ ಮಾದಿಗರು ಎಲ್ಲಿ ಕೂತಿದ್ದರು, ಹೆಂಗಸರು ಎಲ್ಲಿ ಕೂತಿದ್ದರು ಎಂದು ಕೇಳಿದಾಗ ಒಗ್ಗಟ್ಟು ಒಡೀತೀರಿ ಅಂತ ಗದರಿಸಿದವರು ನಮ್ಮವರೇ. ಒಳಮೀಸಲಾತಿ ಕೊಡಬಹುದು ಎಂದು ಸುಪ್ರೀಂ ಕೋರ್ಟು ಹೇಳಲು 2024ರ ಆಗಸ್ಟ್ ಬರಬೇಕಾಯಿತು.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಬೈಬಲ್ಲಿನ ಯಾಜಕ ಎಂದರೆ ನಮ್ಮ ಬ್ರಾಹ್ಮಣ, ಫರಿಸಾಯ ಎಂದರೆ ನಮ್ಮ ಪುರೋಹಿತಶಾಹಿ ಎಂದು ನೇರ ಅಂಟಿಸಿಬಿಡುವುದು ಸುಲಭ, ನಾನೂ ಮಾಡಿದ್ದೇನೆ. ಆದರೆ ಯೆಹೂದ್ಯರನ್ನೇ ಖಳರನ್ನಾಗಿ ಮಾಡಿ ಶತಮಾನಗಟ್ಟಲೆ ಉಪದೇಶ ಮಾಡಿದ ಯುರೋಪಿನಲ್ಲೇ ಹಿಟ್ಲರನ ವಿಷದ ಗಾಳಿಯ ಕೋಣೆಗಳೂ ಎದ್ದವು. ನಮ್ಮ ನೋವಿಗೆ ಹೋಲಿಕೆ ಹುಡುಕುವಾಗ ಇನ್ನೊಂದು ಜನಾಂಗದ ಬೆನ್ನಿಗೆ ಚೂರಿ ಹಾಕಬಾರದು.

5

ಕರ್ಮಸಿದ್ಧಾಂತಕ್ಕೆ ಬೈಬಲ್ ಏನು ಹೇಳುತ್ತದೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ಆಗ ಉತ್ತರ ಹೊಳೆದಿರಲಿಲ್ಲ. ಯೋಬನ ಪುಸ್ತಕ ಓದುವಾಗ ಸಿಕ್ಕಿತು.

ಯೋಬ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತಿದ್ದಾನೆ. ಮೂವರು ಗೆಳೆಯರು ಬಂದು ಹೇಳುವುದು ಒಂದೇ ಮಾತು: ಸುಮ್ಮನೆ ಕಷ್ಟ ಬರುವುದಿಲ್ಲ, ಏನೋ ಮಾಡಿದ್ದೀಯ, ಒಪ್ಪಿಕೋ. ಇದು ಕರ್ಮಸಿದ್ಧಾಂತವೇ, ಪೂರ್ವಜನ್ಮವೊಂದು ಇಲ್ಲ ಅಷ್ಟೇ. ಯೋಬ ಒಪ್ಪುವುದಿಲ್ಲ. ಮೂವತ್ತು ಚಿಲ್ಲರೆ ಅಧ್ಯಾಯ ಜಗಳ ಆಡುತ್ತಾನೆ, ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ಗೆಳೆಯರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎನ್ನುತ್ತಾನೆ. ದೇವರ ಪರ ವಕಾಲತ್ತು ವಹಿಸಿದವರು ಸೋತರು.

ಓದಿ ಎದ್ದು ಕುಣಿಯುವ ಹಾಗಾಗಿತ್ತು. ಆದರೆ 30ನೇ ಅಧ್ಯಾಯದಲ್ಲಿ ಕಾಲು ಎಡವಿತು. ಅಲ್ಲಿ ಇದೇ ಯೋಬ ಗೋಳಾಡುತ್ತಾನೆ: ಯಾರ ಅಪ್ಪಂದಿರನ್ನು ನನ್ನ ಕುರಿನಾಯಿಗಳ ಜೊತೆಗೂ ಸೇರಿಸುತ್ತಿರಲಿಲ್ಲವೋ ಅಂಥವರ ಮಕ್ಕಳು ಇವತ್ತು ನನ್ನನ್ನು ನೋಡಿ ನಗುತ್ತಾರೆ ಎಂದು. ಅವರು ಊರಿಂದ ಅಟ್ಟಿಸಿಕೊಂಡವರು, ಕಳ್ಳರ ಹಿಂದೆ ಕೂಗುವ ಹಾಗೆ ಜನ ಅವರ ಹಿಂದೆ ಕೂಗುತ್ತಾರೆ, ಕೊರಕಲುಗಳಲ್ಲಿ ವಾಸ. ಯೋಬನ ಸಂಕಟ ನಿಜ. ಅವನ ಸಂಕಟದೊಳಗೆ ಜಾತಿಯಂಥದೊಂದು ಇದೆ ಎಂಬುದೂ ನಿಜ. ನಮ್ಮ ಎಷ್ಟೋ ಒಳ್ಳೆಯ ಕಾದಂಬರಿಗಳ ನಾಯಕರು ನೆನಪಾದರು.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಈ ವಾದ ಮತ್ತೆ ಬರುತ್ತದೆ. ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರು ಯೇಸುವನ್ನು ಕೇಳುತ್ತಾರೆ: ಪಾಪ ಮಾಡಿದ್ದು ಯಾರು, ಇವನೋ ಇವನ ಅಪ್ಪ ಅಮ್ಮನೋ? ಹುಟ್ಟುವ ಮುಂಚೆ ಅವನು ಪಾಪ ಮಾಡುವುದು ಹೇಗೆ ಎಂದು ಯಾರೂ ಯೋಚಿಸುವುದಿಲ್ಲ. ಇಬ್ಬರೂ ಅಲ್ಲ ಎನ್ನುತ್ತಾನೆ ಯೇಸು. ಆಮೇಲೆ ಅವನು ಕೊಡುವ ಕಾರಣ, ಅಂದರೆ ದೇವರ ಕೆಲಸ ಕಾಣಿಸಿಕೊಳ್ಳಲಿ ಎಂಬುದು, ನನಗೆ ಇವತ್ತಿಗೂ ಸಮಾಧಾನ ತಂದಿಲ್ಲ. ಆದರೆ ಮೊದಲ ‘ಅಲ್ಲ’ ನನಗೆ ಸಾಕು. ಕಣ್ಣು ಬಂದ ಮೇಲೆ ಆ ಮನುಷ್ಯ ಹಿರಿಯರ ಜೊತೆ ವಾದಕ್ಕೆ ನಿಲ್ಲುತ್ತಾನೆ. ಅವರ ಹತ್ತಿರ ಉತ್ತರ ಮುಗಿದಾಗ, ನೀನು ಹುಟ್ಟಿದ್ದೇ ಪಾಪದಲ್ಲಿ, ನೀನು ನಮಗೆ ಕಲಿಸುತ್ತೀಯಾ ಎಂದು ಹೊರಗೆ ಹಾಕುತ್ತಾರೆ. ಹಳ್ಳಿ ಶಾಲೆಯಲ್ಲಿ ಪಾಠ ಮಾಡಿದ ಯಾವ ದಲಿತ ಮಾಸ್ತರನಿಗೆ ಈ ಮಾತು ಹೊಸದು?

6

ಈಗ ಹೇಳಲು ಕಷ್ಟವಾದ ಮಾತು.

1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತರಿಗೂ ಮುಸ್ಲಿಮರಿಗೂ ಬಾಗಿಲು ತೆರೆಯಲಿಲ್ಲ. 1985ರಲ್ಲಿ ಸೂಸೈ ಎಂಬ ಚಮ್ಮಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಸೋತರು. ಮತಾಂತರವಾದ ಮೇಲೂ ಅದೇ ಬಗೆಯ ಹಿಂದುಳಿದಿರುವಿಕೆ ಮುಂದುವರಿದಿದೆ ಎಂದು ತೋರಿಸಬೇಕು ಎಂದಿತು ಕೋರ್ಟು. ಧರ್ಮದ ಷರತ್ತು ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಬಂತು. ಊರಿನವರ ಕಣ್ಣಿಗೆ ನಾವು ಮಾದಿಗರೇ, ಕಾಗದದ ಕಣ್ಣಿಗೆ ಮಾತ್ರ ಅಲ್ಲ.

ನಮ್ಮ ಓಣಿಯಲ್ಲಿ ಹಲವರಿಗೆ ಎರಡು ಹೆಸರು. ಶಾಲೆಯದೊಂದು, ಚರ್ಚಿನದೊಂದು. ನಾನು ಏಳನೇ ಇಯತ್ತೆ ಮುಗಿಸಿದಾಗ ಅಪ್ಪ ಸರ್ಟಿಫಿಕೇಟಿಗಾಗಿ ಒಂದು ತಾಲ್ಲೂಕು ಕಚೇರಿಗೆ ಹೋದ. ಗುಮಾಸ್ತ ಕೇಳಿದ: ನೀವು ಕಿರಸ್ತಾನರೇನು? ‘ಅಲ್ರಿ ಸಾಹೇಬ್ರ, ನಾವ್ ಮಾದಗ್ರು’ ಅಂದ ಅಪ್ಪ. ಪಂಚನಾಮೆಗೆ ಬಂದವರು ಮನೆಮುಂದೆ ನಿಂತು ಕೇಳಿದರು. ಗೋಡೆಯ ಮೇಲಿನ ಶಿಲುಬೆಯನ್ನು ಅವ್ವ ಆಗಲೇ ತೆಗೆದಿದ್ದಳು. ಮತ್ತೆ ‘ಅಲ್ರಿ’. ಮೂರನೇ ಸಲ ಹೈಸ್ಕೂಲಿನಲ್ಲಿ ಕೇಳಿದ್ದು ನನ್ನನ್ನು. ನಾನೂ ಅಲ್ಲ ಅಂದೆ.

ಆ ವರ್ಷದ ಶುಭ ಶುಕ್ರವಾರ ಚರ್ಚಿನಲ್ಲಿ ಪೇತ್ರನ ಕಥೆ ಓದಿದರು. ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ನಿಂತ ಪೇತ್ರನನ್ನು ಮೂರು ಸಲ ಕೇಳುತ್ತಾರೆ. ಅವನು ಮೂರು ಸಲವೂ ಆ ಮನುಷ್ಯನನ್ನು ಅರಿಯೆ ಎನ್ನುತ್ತಾನೆ. ಅವನ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಡುತ್ತದೆ. ಕೋಳಿ ಕೂಗುತ್ತದೆ, ಅವನು ಅಳುತ್ತಾನೆ. ಪಾದ್ರಿಗಳು ವಿಶ್ವಾಸದ್ರೋಹದ ಬಗ್ಗೆ ಒಂದು ತಾಸು ಮಾತಾಡಿದರು. ಅಪ್ಪ ತಲೆ ಎತ್ತಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವ್ವ ಅಂದಳು: ‘ಯೇಸುಸ್ವಾಮಿಗಿ ಗೊತ್ತದ ಬಿಡು. ಕಾಗದಕ್ಕ ಗೊತ್ತಿಲ್ಲ ಅಷ್ಟೇ.’

ಅಪ್ಪ ಹೇಳಿದ್ದು ಸುಳ್ಳೇ? ನಾವು ಮಾದಗ್ರು ಅನ್ನುವುದು ಸತ್ಯ. ಕಿರಸ್ತಾನರಲ್ಲ ಅನ್ನುವುದು ಸುಳ್ಳು. ಒಂದು ಸತ್ಯ ಹೇಳಬೇಕಾದರೆ ಇನ್ನೊಂದು ಸುಳ್ಳು ಹೇಳಲೇಬೇಕಾದ ಇಕ್ಕಟ್ಟನ್ನು ನಿರ್ಮಿಸಿದ್ದು ಯಾರು? ಪೇತ್ರನ ಕಥೆಯಲ್ಲಿ ನಾವು ಪೇತ್ರನನ್ನೇ ನೋಡುತ್ತೇವೆ, ಕೇಳುವವರನ್ನು ನೋಡುವುದಿಲ್ಲ. ಒಳಗೆ ವಿಚಾರಣೆ ನಡೆಯುತ್ತಿದೆ, ಹೊರಗೆ ಸಿಪಾಯಿಗಳಿದ್ದಾರೆ, ಒಬ್ಬ ಬಡ ಬೆಸ್ತ ಚಳಿಯಲ್ಲಿ ನಿಂತಿದ್ದಾನೆ. ವಿಚಾರಣೆಯನ್ನು ಬಿಟ್ಟು ಬರೀ ಕೋಳಿಯ ಬಗ್ಗೆ ಉಪದೇಶ ಮಾಡುವುದು ಯಾವ ನ್ಯಾಯ? ಹಾಗೆಂದು ನಾನು ಪೂರ್ತಿ ಬಿಡುಗಡೆಯಾದೆ ಎಂದೂ ಹೇಳಲಾರೆ. ಆ ‘ಅಲ್ಲ’ ನನ್ನ ಬಾಯಿಂದಲೇ ಬಂದದ್ದು.

7

ಇದೇ ಪೇತ್ರ ಮುಂದೆ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದ ಕೊನೆಯಲ್ಲಿ ಯೊಪ್ಪ ಎಂಬ ಊರಿಗೆ ಬರುತ್ತಾನೆ. ಬಹಳ ದಿನ ಉಳಿಯುತ್ತಾನೆ. ಯಾರ ಮನೆಯಲ್ಲಿ? ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ.

ಮನೆ ಸಮುದ್ರದ ದಂಡೆಯಲ್ಲಿದೆ ಎನ್ನುತ್ತದೆ ಪುಸ್ತಕ. ತೊಗಲಿನ ಕೆಲಸಕ್ಕೆ ನೀರು ಬೇಕು ಎಂಬುದು ನಿಜ. ಆದರೆ ಕ್ರಿ.ಶ. 200ರ ಹೊತ್ತಿಗೆ ಕ್ರೋಡೀಕರಣಗೊಂಡ ಯೆಹೂದ್ಯರ ಮಿಶ್ನಾದಲ್ಲಿ ಒಂದು ನಿಯಮ ಇದೆ: ಹೆಣ, ಗೋರಿ, ತೊಗಲು ಹದ ಮಾಡುವ ಜಾಗ ಈ ಮೂರೂ ಊರಿಂದ 50 ಮೊಳ ದೂರ ಇರಬೇಕು. ಗಂಡ ತೊಗಲಿನ ಕೆಲಸದವನಾದರೆ ವಾಸನೆ ತಾಳದ ಹೆಂಡತಿ ಬಿಡುಗಡೆ ಕೇಳಬಹುದು ಎಂದೂ ಇದೆ. ಅದು ಜಾತಿಯಲ್ಲ, ಹೌದು. ಆದರೆ ಊರಿನಾಚೆ ಎಂದರೆ ಏನು ಎಂಬುದು ಸೀಮೋನನಿಗೂ ಗೊತ್ತಿತ್ತು.

ಆ ಮನೆಯ ಮಾಳಿಗೆಯ ಮೇಲೆ ಮಧ್ಯಾಹ್ನ ಪ್ರಾರ್ಥನೆಗೆ ಹತ್ತಿದ ಪೇತ್ರನಿಗೆ ಹಸಿವಾಗುತ್ತದೆ. ಕೆಳಗೆ ಅಡಿಗೆ ನಡೆದಿದೆ. ಆಗ ಒಂದು ದರ್ಶನ: ಆಕಾಶದಿಂದ ದುಪ್ಪಟಿಯಂಥದೊಂದು ಇಳಿಯುತ್ತದೆ, ಅದರ ತುಂಬ ಎಲ್ಲ ಬಗೆಯ ಪ್ರಾಣಿಗಳು. ಕೊಯ್ದು ತಿನ್ನು ಎನ್ನುತ್ತದೆ ಒಂದು ದನಿ. ನಾನು ಎಂದೂ ಮೈಲಿಗೆಯದನ್ನು ತಿಂದವನಲ್ಲ ಎನ್ನುತ್ತಾನೆ ಪೇತ್ರ. ಅಲ್ಲೂ ಮೂರು ಸಲ. ಅವನು ಮಡಿ ಹೇಳುತ್ತಿರುವುದು ಎಲ್ಲಿ ಕೂತು? ತೊಗಲಿನವನ ಮಾಳಿಗೆಯ ಮೇಲೆ, ತೊಗಲಿನವನ ಒಲೆಯ ಮೇಲೆ ಬೇಯುತ್ತಿರುವ ಊಟಕ್ಕೆ ಕಾಯುತ್ತಾ.

ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ ಇಲ್ಲಿ ಬಳಸಿರುವ ಕನ್ನಡ ಪದ ‘ಹೊಲೆ’. ದೇವರು ಶುದ್ಧ ಮಾಡಿದ್ದಕ್ಕೆ ಆ ಹೆಸರು ಹಚ್ಚಬೇಡ ಎಂಬುದು ದನಿಯ ಉತ್ತರ. ಅನುವಾದಕರಿಗೆ ಈ ಪದ ಯಾರ ಹೆಸರಿನೊಳಗೆ ಕೂತಿದೆ ಎಂದು ಗೊತ್ತಿರಲಿಲ್ಲವೇ? ಮೈಲಿಗೆಗೆ ಬೇರೆ ಪದ ಸಿಗಲಿಲ್ಲವೇ? ಮೊದಲ ಸಲ ಕಣ್ಣಿಗೆ ಬಿದ್ದಾಗ ಸಿಟ್ಟು ಬಂತು. ಆಮೇಲೆ ಇನ್ನೊಂದು ರೀತಿ ಕಂಡಿತು. ಕನ್ನಡದಲ್ಲಿ ಮಾತ್ರ ಈ ವಾಕ್ಯ ಹೀಗೆ ನೆಟ್ಟಗೆ ಕೇರಿಗೆ ಬಂದು ಬೀಳುತ್ತದೆ. ಇಂಗ್ಲಿಷಿನಲ್ಲಿ ಅದು ಊಟದ ಮಾತಾಗಿಯೇ ಉಳಿಯಬಹುದು. ನಮ್ಮ ಭಾಷೆಯಲ್ಲಿ ಅದು ಮನುಷ್ಯರ ಮಾತಾಗದೆ ದಾರಿಯಿಲ್ಲ. ಪೇತ್ರನಿಗೂ ಕಡೆಗೆ ಹಾಗೇ ಅರ್ಥವಾಗುತ್ತದೆ. ಮುಂದೆ ಕೊರ್ನೇಲ್ಯ ಎಂಬ ರೋಮನ್ ದಳಪತಿಯ ಮನೆಯಲ್ಲಿ ನಿಂತು, ಯಾವ ಮನುಷ್ಯನನ್ನೂ ಹಾಗೆ ಕರೆಯಬಾರದೆಂದು ದೇವರು ನನಗೆ ತೋರಿಸಿದ ಎನ್ನುತ್ತಾನೆ.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಚಂದ. ಚರ್ಚಿನಲ್ಲಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲ ಇನ್ನೊಂದು ಘಟನೆ ಹೇಳುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ. ಯೆರೂಸಲೇಮಿನ ಕಡೆಯಿಂದ ಮಡಿವಂತರು ಕೆಲವರು ಬಂದರು. ಅವರಿಗೆ ಹೆದರಿ ಪೇತ್ರ ಎದ್ದು ಬೇರೆ ಕೂತ. ಅವನನ್ನು ನೋಡಿ ಉಳಿದವರೂ ಎದ್ದರು. ಪೌಲ ಎಲ್ಲರೆದುರು ಅವನ ಮುಖಕ್ಕೇ ಬಯ್ದ. ಪೇತ್ರ ಮತ್ತೆ ಬಂದು ಕೂತನೇ? ಪತ್ರದಲ್ಲಿ ಇಲ್ಲ. ಪೇತ್ರನ ಹೆಸರಿನಲ್ಲಿರುವ ಪತ್ರದಲ್ಲಿ ಮಾತ್ರ, ದಾಸರು ಕ್ರೂರಿಯಾದ ಧಣಿಗೂ ತಗ್ಗಿ ನಡೆಯಬೇಕು ಎಂಬ ಉಪದೇಶ ಇದೆ.

8

ಶಾಸ್ತ್ರಗಳಿಗೆ ಹೊಸ ಅರ್ಥ ಹಚ್ಚಿದರೆ ಸಾಲದು, ಅವುಗಳ ಪಾವಿತ್ರ್ಯದ ಮೇಲಿನ ನಂಬಿಕೆಯನ್ನೇ ಒಡೆಯಬೇಕು ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದರು. ಹಾಗಾದರೆ ನಾನು ಮಾಡುತ್ತಿರುವುದೇನು? ನನ್ನ ಗೆಳೆಯರು ಈ ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಕ್ರೈಸ್ತ ಧರ್ಮ ಮತಾಂತರಗೊಂಡವರ ಜಾತಿಯನ್ನು ಕಳಚಲಿಲ್ಲ, ಅನ್ಯಾಯದ ವಿರುದ್ಧ ಎದ್ದು ನಿಲ್ಲುವ ಕೆಚ್ಚನ್ನೂ ಕೊಡಲಿಲ್ಲ ಎಂಬ ಅವರ ಟೀಕೆಗೆ ನನ್ನ ಹತ್ತಿರ ಜವಾಬಿಲ್ಲ. ಸಭೆಗೆ ಬಂದ ಉಂಗುರದವನಿಗೆ ಮುಂದಿನ ಕುರ್ಚಿ, ಕೊಳೆಬಟ್ಟೆಯವನಿಗೆ ಕಾಲ ಹತ್ತಿರದ ಜಾಗ ಕೊಡಬೇಡಿ ಎಂದು ಯಾಕೋಬನ ಪತ್ರ ಸ್ಪಷ್ಟವಾಗಿ ಹೇಳಿದರೂ, ಸತ್ತ ಮೇಲೆ ಮಲಗುವ ಗೋರಿಗಳ ನಡುವೆಯೂ ಗೋಡೆ ಕಟ್ಟಿದ ಕ್ರೈಸ್ತರು ಈ ದೇಶದಲ್ಲಿದ್ದಾರೆ.

ನನಗೆ ಹೇಳಲಿಕ್ಕಿರುವುದು ಇಷ್ಟು. ನಾನು ಈ ಪುಸ್ತಕವನ್ನು ಕೈಮುಗಿದು ಓದಲಿಲ್ಲ, ಕೈಬಿಡಲೂ ಇಲ್ಲ. ಜೀತಗಾರನ ಕೂಗು, ಜೀತಕ್ಕಿಟ್ಟುಕೊಂಡವನ ಕಾನೂನು ಎರಡೂ ಒಂದೇ ರಟ್ಟಿನೊಳಗೆ ಇವೆ. ಯಾವುದು ದೇವರ ಮಾತು ಎಂದು ತೀರ್ಮಾನಿಸುವ ಹಕ್ಕು ಇನ್ನು ಮುಂದೆ ಪುಲ್ಪಿಟ್ಟಿನ ಮೇಲೆ ನಿಂತವನಿಗೆ ಮಾತ್ರ ಸೇರಿದ್ದಲ್ಲ. ಪೌಲನನ್ನು ಓದಿಸದ ಆ ಗುಲಾಮ ಅಜ್ಜಿಗೂ, ‘ಕಾಗದಕ್ಕ ಗೊತ್ತಿಲ್ಲ’ ಅಂದ ನಮ್ಮ ಅವ್ವನಿಗೂ ಸೇರಿದ್ದು. ಪಾವಿತ್ರ್ಯ ಒಡೆಯುವುದು ಎಂದರೆ ನನ್ನ ಮಟ್ಟಿಗೆ ಇದೇ.

ಪುಸ್ತಕ ಮುಗಿಸಿದ ಮೇಲೆ ಮತ್ತೆ ಯೊಪ್ಪಕ್ಕೆ ಹೋಗಿ ನೋಡಿದೆ. ಕೊರ್ನೇಲ್ಯನ ಆಳುಗಳು ಬಾಗಿಲಿಗೆ ಬಂದಾಗ ಪೇತ್ರ ಅವರನ್ನು ಒಳಗೆ ಕರೆದು ಆ ರಾತ್ರಿ ಇಳಿಸಿಕೊಳ್ಳುತ್ತಾನೆ ಎಂದಿದೆ. ಮನೆ ಪೇತ್ರನದಲ್ಲ. ಚಾಪೆ ಹಾಸಿದವನು, ನೀರು ಕೊಟ್ಟವನು ಸೀಮೋನ. ರೊಟ್ಟಿ ಬಡಿದವಳು ಆ ಮನೆಯ ಹೆಂಗಸು. ಅವಳ ಹೆಸರಿಲ್ಲ. ಸೀಮೋನನಿಗೆ ಹೆಸರಿದೆ, ಕಸುಬಿದೆ, ವಿಳಾಸವೂ ಇದೆ. ಆದರೆ ಇಡೀ ಬೈಬಲ್ಲಿನಲ್ಲಿ ಅವನು ಒಂದು ಮಾತೂ ಆಡಿಲ್ಲ. ಮಾಳಿಗೆಯ ಮೇಲಿಂದ ಅತಿಥಿ ಹೇಳಿದ ಮಡಿಯ ಮಾತು ಕೆಳಗೆ ಕೆಲಸ ಮಾಡುತ್ತಿದ್ದ ಅವನ ಕಿವಿಗೆ ಬಿದ್ದಿರಬೇಕು. ಮೂರು ಸಲ ಹೇಳಿದ್ದಾನಲ್ಲ.